ಶಿರಾಸುವಿನ ಒಶಿ

ಮುಂದೆ ನಿಂತಿರುವ ಹೆಂಗಸಿನ ಕಪ್ಪು ಕೋಟಿನ ಅಂಚಿನಲ್ಲಿ ಲಾಂಡ್ರಿಯ ಹಳದಿ ಚೀಟಿ ಹಾಗೇ ಉಳಿದಿದೆ, ಪಿನ್ನು ಹೊಡೆದದ್ದು ಹೊಡೆದಂತೇ ಇದೆ, ನಮ್ಮ ಅಂಗಡಿಯದಲ್ಲ, ನಮ್ಮದು ಗುಲಾಬಿ ಬಣ್ಣದ್ದು, ಕಿತ್ತುಬಿಡೋಣ ಎಂದು ಕೈ ತುರಿಸುತ್ತಿದೆ — ಬೇಡ, ಈ ಕೈಗೆ ಇವತ್ತು ಬೇರೆ ಕೆಲಸವಿದೆ, ಸಾವಿನ ಮನೆಯಲ್ಲಿ ಚೀಟಿ ಕೀಳುವವಳು ಎಂಬ ಬಿರುದೂ ಸೇರಿಕೊಳ್ಳುವುದು ಬೇಡ, ಬಂದ ಸ್ವಲ್ಪ ಹೊತ್ತಿಗೆ ಸಂಪಾದಿಸಿದ ಹೆಸರೇ ಸಾಕು. ಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದೇನೆ, ಚೀಲದೊಳಗೆ ಬಿಳಿ ಕರವಸ್ತ್ರ, ಕರವಸ್ತ್ರದೊಳಗೆ ಅಂಗೈಯಗಲದ ಬಟ್ಟೆಯ ಬೊಂಬೆ, ಬೊಂಬೆ ಶಿರಾಸುವಿನದು, ಶಿರಾಸು ಅಲ್ಲಿ ಮುಂದೆ ಪೆಟ್ಟಿಗೆಯಲ್ಲಿ ಮಲಗಿದ್ದಾಳೆ. ಮುಚ್ಚಳ ಹಾಕುವ ಮೊದಲು ಇದು ಅವಳ ಬಳಿ ಸೇರಬೇಕು, ನಾನು ಕಿತಾ-ಸೆಂಜುವಿನ ಲಾಂಡ್ರಿಗೆ ರಜೆ ಹಾಕಿ ಮತ್ಸುದೊವಿನ ಈ ಸಭಾಂಗಣದವರೆಗೆ ಬಂದಿರುವುದು ಅದೊಂದಕ್ಕೇ. ಪೆಟ್ಟಿಗೆಯೊಳಗೆ ಹೂವಿನ ಹೊರತು ಏನೂ ಹೋಗಕೂಡದು ಎಂದು ಅವಳ ಅಣ್ಣ ಹೇಳಿಯಾಗಿದೆ, ಹೇಳಲಿ, ಹೇಳುವ ಬಾಯಿ ಅವರದು, ಹಾಕುವ ಕೈ ನನ್ನದು. ಆದರೆ ಹೊಸಿಲಲ್ಲೇ ಎಡವಿದೆನಲ್ಲ, ಥೂ, ಸ್ವಾಗತದ ಮೇಜಿನ ಹಿಂದೆ ಕೂತಿದ್ದ ಅವಳ ಸೋದರತ್ತೆ ನನ್ನ ಕಾಣಿಕೆಯ ಲಕೋಟೆ ಎತ್ತಿಕೊಂಡು ಕಣ್ಣಿಗೆ ಹತ್ತಿರ ಹಿಡಿದರು, ದೂರ ಹಿಡಿದರು, ಮತ್ತೆ ಹತ್ತಿರ ಹಿಡಿದರು, ಆಮೇಲೆ ನನಗೇ ಕಂಡಿತು, ಕಪ್ಪು ಬಿಳಿ ದಾರ ಸುತ್ತಿದ ಆ ಲಕೋಟೆಯ ಮೇಲೆ ನನ್ನ ಹೆಸರಿರಬೇಕಾದ ಜಾಗದಲ್ಲಿ, ಕುಂಚದ ಪೆನ್ನಿನಿಂದ, ಇಷ್ಟು ಚೆಂದದ ಅಕ್ಷರದಲ್ಲಿ ನಾನು ಬರೆದದ್ದು ಕಿನಾಕೊ. ಕಿನಾಕೊ ಎಂದರೆ ಮೋಚಿ ಎಂಬ ಅಕ್ಕಿಯ ಸಿಹಿತಿಂಡಿಯ ಮೇಲೆ ಉದುರಿಸುವ ಹುರಿದ ಸೋಯಾ ಹಿಟ್ಟು. ನಮ್ಮ ಮಂದಿಯಲ್ಲಿ ನನ್ನ ಹೆಸರು ಅದು, ಹನ್ನೆರಡು ವರ್ಷದಿಂದ ಅವಳಿಗೆ ಕಳಿಸಿದ ಪ್ರತಿ ಪೊಟ್ಟಣದ ಮೇಲೂ ಬರೆದದ್ದು ಅದನ್ನೇ, ಕೈ ತನಗೆ ಗೊತ್ತಿದ್ದುದನ್ನು ಬರೆಯಿತು, ತೊಕುನಾಗಾ ಮಿಯೆಕೊ ಎಂದು ಬರೆಯಬೇಕಿತ್ತು, ಶಿರಾಸುವಿಗೆ ಆ ಹೆಂಗಸು ಯಾರೆಂದೇ ಗೊತ್ತಿರಲಿಲ್ಲ. ಅತ್ತೆ ಅಣ್ಣನನ್ನು ಕರೆದರು, ಉರಾಬೆ ಮಸನೊಬು, ಹೊಟ್ಟೆಯ ಬಳಿ ಗುಂಡಿ ಬಿಗಿಯುವ ಕಪ್ಪು ಸೂಟು, ಅವರು ಲಕೋಟೆ ನೋಡಿ ನನ್ನನ್ನು ನೋಡಿ, ಸಿಹಿತಿಂಡಿ ಅಂಗಡಿಯವರಾ ಎಂದು ಕೇಳಿದರು, ಹಿಂದೆ ಯಾರೋ ಮೂಗಿನಲ್ಲಿ ನಕ್ಕರು. ನಿಜವಾದ ಹೆಸರು ಹೇಳಿ, ಕಾಣಿಕೆಗೆ ವಾಪಸ್ಸು ಉಡುಗೊರೆ ಕಳಿಸೋದು ಯಾರಿಗೆ ಅಂತ ಗೊತ್ತಾಗಬೇಕಲ್ಲ ಎಂದರು. ಅಲ್ಲೇ ತಿದ್ದಿಕೊಡಬಹುದಿತ್ತು, ಮೇಜಿನ ಮೇಲೆ ಪೆನ್ನೂ ಇತ್ತು, ಆದರೆ ಅವರು ನಿಜವಾದ ಎಂದರಲ್ಲ, ಆ ಮಾತಿಗೆ ನನ್ನ ಬೆನ್ನು ನೆಟ್ಟಗಾಯಿತು. ನಿಮ್ಮ ತಂಗಿ ನನ್ನನ್ನ ಕರೀತಿದ್ದ ಹೆಸರು ಇದೇ, ಇದೇ ಇರಲಿ ಎಂದೆ. ಅವರಿಗೆ ಆಗ ಹೊಳೆಯಿತು, ದನಿ ತಗ್ಗಿಸಿ, ಓ, ಆ ಬೊಂಬೆ ಗುಂಪಿನವರು ನೀವು, ನೋಡಿ, ಪೆಟ್ಟಿಗೆಗೆ ಏನೂ ಹಾಕೋ ಹಾಗಿಲ್ಲ ಎಂದರು, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ನಾನು ಚೀಲ ಮುಟ್ಟಿ ನೋಡಿಕೊಂಡೆ. ಅವರು ಅದನ್ನೂ ಗಮನಿಸಿದರು.

ಭಿಕ್ಷುಗಳು ಮರದ ಬುರುಡೆ ಬಡಿಯುತ್ತ ಸೂತ್ರ ಹೇಳುತ್ತಿದ್ದಾರೆ, ಟೊಕ್ ಟೊಕ್ ಟೊಕ್, ಸಾಲು ಒಂದು ಹೆಜ್ಜೆ ಸರಿಯುತ್ತದೆ, ಮುಂದೆ ಹೋದವರು ಧೂಪದ ಪುಡಿಯನ್ನು ಚಿಟಿಕೆಯಲ್ಲಿ ಹಿಡಿದು ಹಣೆಗೆತ್ತಿ ಕೆಂಡಕ್ಕೆ ಉದುರಿಸುತ್ತಾರೆ, ಪೀಠ, ಹೂವು, ದೀಪ, ಕಾಣಿಕೆ — ಇಲ್ಲಿರುವುದೆಲ್ಲ ನಮ್ಮ ಮಾತೇ ಅಲ್ಲವೇ ಶಿರಾಸು, ಅಥವಾ ನಾವೇ ಇಲ್ಲಿಂದ ಕದ್ದದ್ದು. ಮನೆಯ ಕಪಾಟಿನಲ್ಲಿ ಅವನ, ಎಂದರೆ ಈ ಬೊಂಬೆಯವನ, ಅಂಗಿಗೆ ಚುಚ್ಚುವ ಬಿಲ್ಲೆ, ಚಿತ್ರ, ಬೊಂಬೆ ಜೋಡಿಸಿಟ್ಟರೆ ಅದು ಪೀಠ, ಅವನಿಗಾಗಿ ಸಂಬಳ ಸುರಿದರೆ ಕಾಣಿಕೆ, ಅವನ ಕಥೆ ನಡೆದ ಊರಿಗೆ ರೈಲು ಹತ್ತಿ ಹೋದರೆ ತೀರ್ಥಯಾತ್ರೆ, ಪಕ್ಕದ ಮನೆಯವಳನ್ನು ಹಿಡಿದು ಕೂರಿಸಿ ಮೊದಲ ಕಂತು ತೋರಿಸಿದರೆ ಧರ್ಮಪ್ರಚಾರ, ಅವಳಿಗೂ ಹುಚ್ಚು ಹಿಡಿದರೆ ಜೌಗಿಗೆ ಬಿದ್ದಳು ಎನ್ನುತ್ತೇವೆ, ಬಿದ್ದವಳನ್ನು ಯಾರೂ ಎತ್ತುವುದಿಲ್ಲ, ಇನ್ನೂ ಸ್ವಲ್ಪ ಆಳಕ್ಕೆ ತಳ್ಳುತ್ತೇವೆ. ಎದೆ ತುಂಬಿ ಬಂದಾಗ ತೊತೊಯಿ, ಪರಮಪೂಜ್ಯ, ಎನ್ನುತ್ತೇವೆ, ದೇವರ ಮುಂದೆ ನಿಂತವರು ಆಡುವ ಮಾತು ಅದು, ಆದರೆ ನಮ್ಮ ತೊತೊಯಿ ಹೊರಡುವುದು ಅವನು ಅಂಗಿಯ ತೋಳು ಮಡಿಸಿಕೊಂಡು ಕಿತ್ತಳೆ ಸುಲಿದದ್ದಕ್ಕೆ. ಇನ್ನೂ ಹೆಚ್ಚಾದರೆ ಸತ್ತೆ ಎನ್ನುತ್ತೇವೆ. ವಾರಕ್ಕೊಮ್ಮೆ ಸಾಯುತ್ತಿದ್ದಳು ಅವಳು, ಹೊಸ ಚಿತ್ರ ಬಿಟ್ಟರೆ ಸತ್ತಳು, ಹಾಡು ಬಿಟ್ಟರೆ ಸತ್ತಳು, ಫೋನಿನಲ್ಲಿ ಒಂದೇ ಸಾಲು, ಕಿನಾಕೊ-ಸಾನ್, ಸತ್ತೆ, ನಾನು ಒಂದು ಧೂಪದ ಕಡ್ಡಿಯ ಚಿತ್ರ ಕಳಿಸುತ್ತಿದ್ದೆ. ಮೊನ್ನೆ ಅವಳ ಫೋನಿನಿಂದಲೇ ಕರೆ ಬಂತು, ಮುದುಕಿಯ ದನಿ, ಕಿನಾಕೊ ಅಂತ ಇದೆ ಇದರಲ್ಲಿ, ಅಂಗಡಿಯಾ, ನಾನು ಚಿಹಾರು ತಾಯಿ, ಚಿಹಾರು ಹೋಗಿಬಿಟ್ಟಳು ಎಂದರು, ಚಿಹಾರು ಎಂದರೆ ನಮ್ಮ ಶಿರಾಸುವೇ ಎಂದು ಗೊತ್ತಾಗಲು ಒಂದು ಉಸಿರು ಬೇಕಾಯಿತು, ಗೊತ್ತಾದ ಮೇಲೂ ಇನ್ನೊಂದು ಉಸಿರು, ಈ ಸಲ ಯಾವ ಚಿತ್ರ ನೋಡಿ ಸತ್ತಳು ಎಂದು ಕೇಳಲು ಬಾಯಿ ತೆರೆದಿದ್ದೆ. ತಲೆಯೊಳಗೆ ನರ ಒಡೆಯಿತಂತೆ, ಆಫೀಸಿನ ಮೆಟ್ಟಿಲ ಮೇಲೆ. ಇಷ್ಟು ದಿನ ಆಟಕ್ಕೆ ಸಾಯುತ್ತಿದ್ದಿರಿ, ಅಪಶಕುನ ಎಂದು ಯಾರಾದರೂ ಹೇಳಿದರೆ ಅವರ ಮುಖಕ್ಕೇ ಹೇಳುತ್ತೇನೆ, ಅಷ್ಟು ಸಲ ಸತ್ತವಳು ಅಷ್ಟು ಸಲ ಎದ್ದು ಕೂತಳು, ನೀವು ಜೀವಮಾನದಲ್ಲಿ ಎಷ್ಟು ಸಲ ಎದ್ದು ಕೂತಿದ್ದೀರಿ. ಸಾಲು ಮತ್ತೊಂದು ಹೆಜ್ಜೆ ಸರಿಯುತ್ತದೆ, ಹಳದಿ ಚೀಟಿಯೂ ಸರಿಯುತ್ತದೆ.

ಅವನು ಎಂದರೆ ತೊಮೊಶಿಗೆ. ನಮ್ಮ ಒಶಿ. ಒಶಿಯೆಂದರೆ ಗಂಡನಲ್ಲ, ಮಗನಲ್ಲ, ದೇವರೂ ಅಲ್ಲ, ಬೆನ್ನಿಗೆ ನಿಂತು ತಳ್ಳಿ ತಳ್ಳಿ ನಾಲ್ಕು ಜನರ ಕಣ್ಣಿಗೆ ಬೀಳಿಸಲೇಬೇಕು ಎಂದು ನಾವೇ ಹೊತ್ತುಕೊಂಡ ಒಬ್ಬ, ಅವನಿಗೆ ನಾವಿರುವುದು ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ, ಅವನಿಂದ ನಮಗೆ ಆಗಬೇಕಾದ್ದು ಏನೂ ಇಲ್ಲ, ಅದೇ ಅದರ ಸುಖ. ಟಿವಿಯ ಅನಿಮೆಯಲ್ಲಿ, ಆ ಕಾರ್ಟೂನು ಧಾರಾವಾಹಿಯಲ್ಲಿ, ಅವನದು ಸಣ್ಣ ಪಾತ್ರ, ದೀಪಸ್ತಂಭದ ಕಾವಲುಗಾರ, ಬೂದು ಕೂದಲು, ಸಾಸಿವೆ ಬಣ್ಣದ ಅಂಗಿ, ಎಲ್ಲರೂ ಓಡಿಹೋದ ಮೇಲೂ ದೋಣಿಗಳು ಬರಲಿ ಎಂದು ದೀಪ ಆರಿಸದೆ ನಿಂತು ಸಮುದ್ರದ ಪಾಲಾಗುತ್ತಾನೆ, ಆಮೇಲೆ ಕಥೆ ಅವನನ್ನು ಮರೆತು ಮುಂದೆ ಹೋಗುತ್ತದೆ. ಕಥೆ ಹೋಯಿತು, ನಾವಿಬ್ಬರು ಹೋಗಲಿಲ್ಲ. ಇಕೆಬುಕುರೊದ ಪಾರ್ಕಿನಲ್ಲಿ ಸಿಕ್ಕಿದ್ದು ಅವಳು, ಬಿಲ್ಲೆ ಬದಲಾಯಿಸಿಕೊಳ್ಳುವ ಹೆಂಗಸರು ನೆಲದ ಮೇಲೆ ಹಾಳೆ ಹಾಸಿ ಕೂರುವ ಜಾಗ, ಮುಚ್ಚಿದ ಪೊಟ್ಟಣದಲ್ಲಿ ಯಾರ ಮುಖ ಬರುತ್ತದೋ ಬಿಚ್ಚಿದ ಮೇಲೇ ಗೊತ್ತು, ನನ್ನ ಹಾಳೆಯ ಮೇಲೆ ಒಬ್ಬ ತೊಮೊಶಿಗೆ ಹೆಚ್ಚಾಗಿದ್ದ, ಅದಕ್ಕೆ ಇಬ್ಬರು ಕೈ ಹಾಕಿದರು, ಒಂದು ಕೈ ಅವಳದು, ಉಗುರಿಗೆ ಸಾಸಿವೆ ಬಣ್ಣ. ಅವಳ ಚೀಲಕ್ಕೆ ಒಂದು ಪಟ್ಟಿ ಅಂಟಿಸಿತ್ತು, ದೋತಾನ್ ಬೇಡ, ಎಂದರೆ ಇವನನ್ನೇ ಮೆಚ್ಚಿದ ಇನ್ನೊಬ್ಬಳು ನನ್ನ ಹತ್ತಿರ ಸುಳಿಯಬೇಡಿ, ಸವತಿ ಬೇಡ ಎಂದು ನೇರವಾಗಿ ಹೇಳಿದ ಹಾಗೆ, ನಮ್ಮಲ್ಲಿ ಅಂಥವರು ಬೇಕಾದಷ್ಟು. ನಾನು, ಸವತಿಯ ಹಾಳೆಗೆ ಕೈ ಹಾಕಬಹುದೋ ಎಂದೆ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಅವನು ದೀಪ ಬಿಟ್ಟು ಯಾಕೆ ಓಡಲಿಲ್ಲ ಹೇಳಿ ನೋಡೋಣ ಎಂದಳು, ಪರೀಕ್ಷೆ, ಪಾರ್ಕಿನ ನಡುವೆ, ಪಾರಿವಾಳಗಳ ಮುಂದೆ. ಧೈರ್ಯದಿಂದಲ್ಲ, ಹಟದಿಂದ ಎಂದೆ. ಅವಳು ಅಲ್ಲೇ ಕೂತು ಚೀಲದ ಪಟ್ಟಿಯನ್ನು ಉಗುರಿನಿಂದ ಕೆರೆದು ಕಿತ್ತಳು, ಒಬ್ಬ ಸವತಿಗೆ ಮಾತ್ರ ವಿನಾಯಿತಿ ಎಂದಳು. ಅಂದಿನಿಂದ ಪ್ರತಿ ನವೆಂಬರಿನಲ್ಲಿ, ಅವನು ಸತ್ತ ಕಂತು ಬಂದ ದಿನ, ಇಬ್ಬರೂ ಕಪ್ಪು ಬಟ್ಟೆ ತೊಟ್ಟು ಕರೋಕೆ ಕೋಣೆ ಹಿಡಿದು, ಕಿತ್ತಳೆ ಇಟ್ಟು, ಅತ್ತು, ಆಮೇಲೆ ಹಾಡಿ, ಹೊಟ್ಟೆ ತುಂಬ ಕರಿದ ಕೋಳಿ ತಿಂದು ಬರುತ್ತಿದ್ದೆವು. ನಾನು ಈಗ ತೊಟ್ಟಿರುವುದು ಅದೇ ಕಪ್ಪು ಬಟ್ಟೆ. ಹನ್ನೆರಡು ವರ್ಷ ನೀವು ಎಂದೇ ಕರೆದುಕೊಂಡೆವು, ನೀನು ಎನ್ನುವವರೆಗೆ ಬರಲಿಲ್ಲ, ಬೇಕೆನಿಸಲೂ ಇಲ್ಲ.

ಧೂಪದ ಸರದಿ ನನ್ನದು, ಚಿಟಿಕೆ, ಹಣೆ, ಕೆಂಡ, ತಲೆಯೆತ್ತಿದರೆ ಹೂವಿನ ನಡುವೆ ಅವಳ ಭಾವಚಿತ್ರ, ಆ ಚಿತ್ರ ತೆಗೆದದ್ದು ನಾನು. ಹಿಂದೆ ಸಮುದ್ರವಿತ್ತು, ಈಗ ಅಲ್ಲಿ ತಿಳಿನೀಲಿ ಪರದೆ ಬಂದಿದೆ, ಮೈಮೇಲೆ ಸಾಸಿವೆ ಬಣ್ಣದ ಜಾಕೆಟ್ಟಿತ್ತು, ಈಗ ಕಂಪ್ಯೂಟರಿನಲ್ಲಿ ಉಡಿಸಿದ ಕಪ್ಪು ಕಿಮೋನೊ, ಕತ್ತಿನ ಬಳಿ ಸರಿಯಾಗಿ ಕೂತೂ ಇಲ್ಲ, ಬಟ್ಟೆಯ ಕೆಲಸದವಳ ಕಣ್ಣಿಗೆ ಅದು ಬೀಳದೆ ಇರುತ್ತದೆಯೇ. ಗಾಳಿಗೆ ಕೂದಲು ಹಾರಿ ಹಾರಿ ಬಾಯಿಗೆ ಬರುತ್ತಿತ್ತು, ಆ ದೀಪಸ್ತಂಭಕ್ಕೆ ಎರಡು ರೈಲು ಒಂದು ಬಸ್ಸು ಬದಲಿಸಿ ಹೋಗಿದ್ದೆವು, ಅವಳು ಬೊಂಬೆಯನ್ನು ಕಣ್ಣಿನೆತ್ತರಕ್ಕೆ ಹಿಡಿದು, ನೋಡಿ, ನಿಮ್ಮನೆಗೆ ಬಂದ್ವಿ ಎಂದು ಅದಕ್ಕೆ ಹೇಳುತ್ತಿದ್ದಾಗ ನಾನು ಒತ್ತಿದೆ, ಕೈಯನ್ನೂ ಬೊಂಬೆಯನ್ನೂ ಕತ್ತರಿಸಿದ್ದಾರೆ, ನಗುವನ್ನು ಮಾತ್ರ ಇಟ್ಟುಕೊಂಡಿದ್ದಾರೆ. ಎಷ್ಟು ಚೆನ್ನಾಗಿ ನಗ್ತಿದ್ದಾಳೆ ನೋಡಿ, ಇಂಥ ಫೋಟೋ ಎಲ್ಲಿ ಸಿಕ್ತೋ ಎಂದು ಆ ಅತ್ತೆ ಪಕ್ಕದವರಿಗೆ ಹೇಳುತ್ತಿದ್ದರು, ಯಾರನ್ನು ನೋಡಿ ನಕ್ಕಳೋ ಅವನು ನನ್ನ ಚೀಲದಲ್ಲಿದ್ದಾನೆ ಅಮ್ಮಾ ಎಂದು ಹೇಳಿಬಿಡಬೇಕೆನಿಸಿತು. ಈಗ ಆಫೀಸಿನವರೊಬ್ಬರು ಮೈಕಿನ ಮುಂದೆ ಬಂದು ಕಾಗದ ಬಿಡಿಸಿದ್ದಾರೆ, ಉರಾಬೆಯವರು ನಮ್ಮ ಲಿಫ್ಟ್ ದುರಸ್ತಿ ಕಂಪನಿಯಲ್ಲಿ ತುರ್ತುಕರೆ ವಿಭಾಗದ ಮುಖ್ಯಸ್ಥರಾಗಿದ್ದರು, ಲಿಫ್ಟಿನಲ್ಲಿ ಸಿಕ್ಕಿಕೊಂಡವರ ಜೊತೆ ಜನ ಬರುವವರೆಗೂ ಫೋನಿನಲ್ಲಿ ಮಾತಾಡುತ್ತಿದ್ದರು — ಲಿಫ್ಟು? ಶಿರಾಸು, ನೀವು? ಒಂದು ದಿನವೂ ಹೇಳಲಿಲ್ಲ, ನಾನೂ ಕೇಳಲಿಲ್ಲ, ನಮ್ಮಲ್ಲಿ ಕೇಳುವುದಿಲ್ಲ, ಕೆಲಸ, ಊರು, ಮದುವೆ, ನಿಜವಾದ ಹೆಸರು, ಅದೆಲ್ಲ ಚಪ್ಪಲಿಯ ಹಾಗೆ ಹೊರಗೆ ಬಿಟ್ಟು ಒಳಗೆ ಬರುವ ಸಾಮಾನು. ಅಣ್ಣ ಅಲ್ಲಿಂದ ನನ್ನನ್ನೇ ನೋಡುತ್ತಿದ್ದಾರೆ, ನನ್ನ ಮುಖದಲ್ಲಿ ಆಶ್ಚರ್ಯ ಕಂಡಿರಬೇಕು, ನೋಡಿದಿರಾ, ಏನೂ ಗೊತ್ತಿಲ್ಲದವರು ನೀವು ಎನ್ನುವ ನೋಟ. ಇರಲಿ, ಗೊತ್ತಿಲ್ಲ. ಬಿಸಿ ನೂಡಲ್ಸಿಗೆ ಕನ್ನಡಕ ಮಂಜಾದರೆ ಒರೆಸದೆ ಹಾಗೇ ತಿನ್ನುತ್ತಿದ್ದಳು, ಅಣಬೆ ಬಂದರೆ ನನ್ನ ಬಟ್ಟಲಿಗೆ ದಾಟಿಸುತ್ತಿದ್ದಳು, ದೀಪದ ದೃಶ್ಯದಲ್ಲಿ ಎಲ್ಲರೂ ಅಲೆ ಬಂದಾಗ ಅತ್ತರೆ ಅವಳು ಅದಕ್ಕೂ ಮೊದಲು, ಅವನು ತೋಳು ಮಡಿಸುವಾಗಲೇ ಅಳುತ್ತಿದ್ದಳು, ನನಗೆ ವಿಚ್ಛೇದನವಾದ ವರ್ಷ ಯಾಕೆಂದು ಕೇಳದೆ ವಾರ ವಾರ ಒಂದೊಂದು ಕಿತ್ತಳೆ ಅಂಚೆಯಲ್ಲಿ ಕಳಿಸುತ್ತಿದ್ದಳು, ಇದನ್ನು ಬಲ್ಲವರು ಈ ಕೋಣೆಯಲ್ಲಿ ಯಾರಿದ್ದಾರೆ, ಕೈ ಎತ್ತಿ. ಆದರೂ ಆ ಲಿಫ್ಟಿನ ಮಾತು ಒಳಗೆಲ್ಲೋ ಚುಚ್ಚಿತು, ಕತ್ತಲಲ್ಲಿ ಸಿಕ್ಕಿಕೊಂಡವರಿಗೆ ಇವಳ ದನಿ ಸಿಕ್ಕಿತಲ್ಲ, ಆ ಅದೃಷ್ಟವಂತರ ಮೇಲೆ ಸವತಿ ಮತ್ಸರವಾಯಿತು.

ಮುದುಕಿ, ಅವಳ ತಾಯಿ, ಮುಂದಿನ ಸಾಲಿನಲ್ಲಿ ಗಾಲಿಕುರ್ಚಿಯಲ್ಲಿ ಕೂತಿದ್ದಾರೆ, ಇಷ್ಟೇ ಇಷ್ಟು ಬೆನ್ನು. ಫೋನಿನಲ್ಲಿ ನಾನು ಬೊಂಬೆಯ ವಿಷಯ ಎತ್ತಿದಾಗ ಅವರು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಿದರು, ಆಗಲಿ ಎನ್ನಲಿಲ್ಲ, ಬೇಡ ಎನ್ನಲಿಲ್ಲ, ಮಸನೊಬು ಬೇಡ ಅಂತಾನೆ, ನಲವತ್ತು ದಾಟಿದ ಹೆಂಗಸು, ನೆಂಟರೆಲ್ಲ ಬಗ್ಗಿ ನೋಡ್ತಾರೆ, ಒಳಗೆ ಬೊಂಬೆ ಕಂಡರೆ ಏನಂದುಕೊಂಡಾರು ಅಂತಾನೆ, ರೂಮು ಖಾಲಿ ಮಾಡಿದ್ದೂ ಅವನೇ, ಬಿಲ್ಲೆಗಳನ್ನೆಲ್ಲ ಸುಡದ ಕಸದ ಚೀಲಕ್ಕೆ ತುಂಬಿದಾನೆ. ಸುಡದ ಕಸ. ಹಬ್ಬದ ದಿನ ಬೆಳಗಿನಿಂದ ಸಾಲಿನಲ್ಲಿ ನಿಂತು ತಂದದ್ದು, ಮಳೆಗೆ ನೆನೆಯದಂತೆ ಅಂಗಿಯೊಳಗೆ ಹೊಟ್ಟೆಗೆ ಅವಚಿಕೊಂಡು ಓಡಿದ್ದು. ಸತ್ತರೆ ಪೆಟ್ಟಿಗೆಗೆ ಹಾಕಿಬಿಡಿ ಎಂದು ನಮ್ಮ ಮಂದಿಯೆಲ್ಲ ತಮಾಷೆಗೆ ಹೇಳುತ್ತಾರೆ, ಅವಳು ತಮಾಷೆಗೆ ಹೇಳಲಿಲ್ಲ, ಚಿತಾಗಾರಕ್ಕೆ ಫೋನ್ ಮಾಡಿ ವಿಚಾರಿಸಿದ್ದಳು, ಯಾರು ಸತ್ತಿದ್ದಾರೆ ಎಂದು ಅವರು ಕೇಳಿದರೆ ಇನ್ನೂ ಯಾರೂ ಇಲ್ಲ ಎಂದಿದ್ದಳಂತೆ, ಲೋಹ ಬೇಡ, ಗಾಜು ಬೇಡ, ಪ್ಲಾಸ್ಟಿಕ್ ಬೇಡ, ಬಟ್ಟೆ ಕಾಗದ ಆದೀತು. ಹಾಗಾದರೆ ಈ ಒಬ್ಬ ಬರಬಹುದು ಕಿನಾಕೊ-ಸಾನ್, ಕಣ್ಣು ಮಾತ್ರ ಬದಲಾಯಿಸಬೇಕು, ಇಬ್ಬರಲ್ಲಿ ಯಾರು ಮೊದಲೋ ಇನ್ನೊಬ್ಬರು ಹಾಕಬೇಕು, ಆಯ್ತಾ. ಆಯ್ತು ಎಂದಿದ್ದೆ, ಬಾಯಲ್ಲಿ ಕೋಳಿ ತುಂಡಿತ್ತು. ಹೋದ ತಿಂಗಳು ಅವನ ತೋಳಿನ ಮೇಲೆ ಸಾರು ಚೆಲ್ಲಿಕೊಂಡು ಅಂಗಡಿಗೆ ತಂದಳು, ಲಾಂಡ್ರಿಯ ವಿಷಯ ಮಾತ್ರ ನಾನೇ ಒಮ್ಮೆ ಬಾಯಿಬಿಟ್ಟಿದ್ದೆ, ನಿಮ್ಮ ಕೈಗೆ ಬಿಟ್ಟು ಇನ್ಯಾರ ಕೈಗೂ ಕೊಡಲ್ಲ, ಅವಸರ ಇಲ್ಲ, ನಿಧಾನಕ್ಕೆ ತೊಳೆದು ಕೊಡಿ ಎಂದಳು. ಕಲೆ ಹೋಯಿತು. ಕರೆ ಬಂದ ಮೇಲೆ ಕೂತು ಪ್ಲಾಸ್ಟಿಕ್ ಕಣ್ಣು ಬಿಚ್ಚಿದೆ, ಸೊಂಟದ ಕೊಕ್ಕೆ ತೆಗೆದು ದಾರದ ಕಟ್ಟು ಹಾಕಿದೆ, ಒಳಗೆ ತುಂಬಿದ್ದನ್ನು ತೆಗೆದು ಹತ್ತಿ ತುಂಬಿದೆ, ಕಣ್ಣನ್ನು ಬೂದು ನೂಲಿನಲ್ಲಿ ಹೊಲಿದೆ, ಕಣ್ಣು ಬಿಚ್ಚಿದಾಗ ಅವನ ಮುಖ ಯಾರ ಮುಖವೂ ಆಗಿರಲಿಲ್ಲ, ಹೊಲಿಯುತ್ತ ಹೊಲಿಯುತ್ತ ಮತ್ತೆ ಬಂದ, ಅಳಲಿಲ್ಲ ನಾನು, ಸೂಜಿ ಹಿಡಿದಾಗ ಅಳುವ ಅಭ್ಯಾಸ ನನಗಿಲ್ಲ.

ಸೂತ್ರ ನಿಂತಿದೆ. ಕುರ್ಚಿಗಳನ್ನು ಸರಿಸಿದ್ದಾರೆ, ಪೆಟ್ಟಿಗೆಯನ್ನು ನಡುವಿಗೆ ತಂದಿದ್ದಾರೆ, ಬಿಳಿ ಕೈಗವಸು ತೊಟ್ಟ ಸಭಾಂಗಣದವನು ಹಾರಗಳ ಹೂವುಗಳನ್ನು ಕತ್ತರಿಸಿ ತಟ್ಟೆಯಲ್ಲಿ ಹಿಡಿದು ಬಂದು, ಕೊನೆಯ ಭೇಟಿ, ದಯವಿಟ್ಟು ಎಲ್ಲರೂ ಕೈಯಾರೆ ಎನ್ನುತ್ತಾನೆ, ನನ್ನ ಅಂಗೈಗೂ ಒಂದು ಬಿಳಿ ಲಿಲ್ಲಿ ಬಂತು, ತಣ್ಣಗಿದೆ, ಫ್ರಿಜ್ಜಿನಿಂದ ತೆಗೆದಂತೆ. ಅವಳು. ಅಯ್ಯೋ, ಕನ್ನಡಕ ತೆಗೆದುಬಿಟ್ಟಿದ್ದಾರೆ, ಕನ್ನಡಕವಿಲ್ಲದೆ ಅವಳನ್ನು ನಾನು ನೋಡಿಯೇ ಇರಲಿಲ್ಲ, ಮೂಗಿನ ಎರಡು ಬದಿಗೆ ಗುರುತು ಮಾತ್ರ ಉಳಿದಿದೆ, ತುಟಿಗೆ ಅವಳು ಹಚ್ಚದ ಬಣ್ಣ ಹಚ್ಚಿದ್ದಾರೆ, ಅತ್ತೆಯರು ಕಿವಿಯ ಬಳಿ ಹೂವಿಡುತ್ತಾರೆ, ಆಫೀಸಿನವರು ಕಾಲಿನ ಬಳಿ ಇಡುತ್ತಾರೆ, ಎದೆಯ ಮೇಲಿನ ಜಾಗ ಖಾಲಿ ಇದೆ, ಈಗ, ಈಗಲ್ಲದಿದ್ದರೆ ಇಲ್ಲ, ಲಿಲ್ಲಿ ಎಡಗೈಗೆ, ಚೀಲದ ಬಾಯಿ ತೆರೆ, ಕರವಸ್ತ್ರ, ಹೂವಿನ ಅಡಿಯಲ್ಲಿ ಮರೆಮಾಡಿ ಇಟ್ಟುಬಿಡಬೇಕೆಂದು ರೈಲಿನಲ್ಲಿ ಬರುವಾಗ ಲೆಕ್ಕ ಹಾಕಿದ್ದೆ, ಕೈ ಪೆಟ್ಟಿಗೆಯ ಅಂಚಿಗೆ ಹೋದಾಗ ಆ ಲೆಕ್ಕವೆಲ್ಲ ಬೇಡವಾಯಿತು. ಕದ್ದು ಇಡುವುದೇಕೆ, ಅವಳು ಅವನನ್ನು ಕದ್ದು ಇಟ್ಟುಕೊಂಡವಳಲ್ಲ, ಚೀಲದ ಮೇಲೆ ಮೆರೆಸಿಕೊಂಡು ರೈಲಿನಲ್ಲಿ ಓಡಾಡಿದವಳು, ಕರವಸ್ತ್ರ ಬಿಡಿಸಿ ಎಲ್ಲರಿಗೂ ಕಾಣುವಂತೆ ಎದೆಯ ಮೇಲೆ ನೆಟ್ಟಗೆ ಇಟ್ಟೆ, ಸಾಸಿವೆ ಬಣ್ಣ ಬಿಳಿ ಹೂಗಳ ನಡುವೆ ಎಲ್ಲರ ಕಣ್ಣಿಗೂ ಹೊಡೆಯಿತು. ಮಸನೊಬು ಬಂದರು, ಬೆವರಿನ ವಾಸನೆ, ದನಿ ಎತ್ತಲಿಲ್ಲ, ಅದು ಅವರ ಒಳ್ಳೆಯ ಗುಣ, ಹೇಳಿದ್ದೆನಲ್ಲ, ನಿಮ್ಮ ಸಾಮಾನು ನೀವು ತಗೊಳ್ಳಿ ಎಂದು ಕೈ ಚಾಚಿ ಅವನನ್ನು ಎತ್ತಿಕೊಂಡರು, ಕಣ್ಣು ಕೆಂಪಗಿತ್ತು, ಅವರೂ ರಾತ್ರಿಯಿಡೀ ನಿದ್ದೆ ಮಾಡಿಲ್ಲ, ಅದೂ ನನಗೆ ಕಂಡಿತು, ಕಂಡರೂ ಬಿಡಲಿಲ್ಲ. ಇದು ನನ್ನ ಸಾಮಾನಲ್ಲ, ಉರಾಬೆ-ಸಾನ್. ನಾನು ಲಾಂಡ್ರಿಯಲ್ಲಿ ಕೆಲಸ ಮಾಡೋಳು. ಅವರು ತೊಳೆಯೋಕೆ ಕೊಟ್ಟಿದ್ರು, ತೊಳೆದಿದೀನಿ, ಕೊಟ್ಟವರ ಕೈಗೆ ವಾಪಸ್ಸು ಕೊಡೋಕೆ ಬಂದಿದೀನಿ. ಅಷ್ಟೇ ಹೇಳಿದ್ದು. ನನ್ನ ದನಿ ಅಷ್ಟು ಗಟ್ಟಿಯಾಗಿ ಬರುತ್ತದೆಂದು ನನಗೂ ಗೊತ್ತಿರಲಿಲ್ಲ. ಅವರು ಬೊಂಬೆ ಹಿಡಿದುಕೊಂಡೇ ನಿಂತರು, ಕೊಡಲೂ ಆಗದು, ಹಾಕಲೂ ಆಗದು.

ಆಗ ಗಾಲಿಕುರ್ಚಿ ಕಿರ್ರೆಂದಿತು, ತಾಯಿ ತಾವೇ ಚಕ್ರ ತಳ್ಳಿಕೊಂಡು ಬಂದರು, ಜನ ದಾರಿ ಬಿಟ್ಟರು, ಪೆಟ್ಟಿಗೆಯ ಅಂಚು ಹಿಡಿದು ಎದ್ದು ನಿಂತು, ಕೊಡು ಇಲ್ಲಿ ಎಂದರು ಮಗನಿಗೆ, ಇನ್ನೂ ಚಿಕ್ಕ ಹುಡುಗನ ಕೈಯಿಂದ ಏನನ್ನೋ ಕಸಿಯುವವರ ಹಾಗೆ, ಅಮ್ಮಾ, ಅತ್ತೆಯವರೆಲ್ಲ ನೋಡ್ತಿದಾರೆ ಎಂದರು ಅವರು, ನೋಡ್ಲಿ, ಕಣ್ಣಿರೋದು ನೋಡೋಕೇ ಎಂದರು ಇವರು. ಬೊಂಬೆಯನ್ನು ಹತ್ತಿರ ಹಿಡಿದು ನೋಡಿದರು, ಹಿಂದೆ ತಿರುಗಿಸಿದರು, ಮುಂದೆ ತಿರುಗಿಸಿದರು, ನನ್ನ ಕಡೆ ನೋಡಿ, ನೀವೇ ತಾನೆ ಕಿನಾಕೊ-ಸಾನು, ಗೋಡೆಯಾಚೆಯಿಂದ ಕೇಳಿಸ್ತಿತ್ತು ನನಗೆ, ನಿಮ್ಮ ಜೊತೆ ಮಾತಾಡುವಾಗ ಮಾತ್ರ ಹಾಗೆ ನಗೋಳು, ಒಶಿ ಒಶಿ ಅಂತ ಒಂದೇ ಸಮ, ಇವನೇನಾ ಅದು ಎಂದು ಕೇಳಿದರು. ಹೌದು, ಇವನೇ. ಹೆಸರೇನು. ತೊಮೊಶಿಗೆ. ಒಳ್ಳೆಯವನಾ, ಎಂದು ಕೇಳಿದರು ಆ ಮುದುಕಿ, ನಾಲ್ಕು ಜನ ಅತ್ತೆಯರ ಮುಂದೆ, ಭಿಕ್ಷುಗಳ ಮುಂದೆ, ಹೌದಮ್ಮಾ, ತುಂಬ ಒಳ್ಳೆಯವನು, ಜೊತೆಯವರೆಲ್ಲ ಓಡಿಹೋದ್ರೂ ನಿಂತ ಜಾಗ ಬಿಡಲಿಲ್ಲ ಎಂದೆ, ಈಗ ಅಳುತ್ತಿದ್ದೆ, ಕೈಯಲ್ಲಿ ಸೂಜಿ ಇರಲಿಲ್ಲವಲ್ಲ. ಅವರು ತಲೆಯಾಡಿಸಿದರು. ಆಮೇಲೆ ಬೊಂಬೆಯನ್ನು ಎರಡು ಕೈಯಲ್ಲೂ ಎದುರಿಗೆ ಹಿಡಿದುಕೊಂಡು, ಸೊಂಟ ಬಾಗಿಸಿ, ಅಷ್ಟು ಸಣ್ಣ ಸೊಂಟ, ಬಾಗಿಸಿ, ಏನೂ ಅರಿಯದ ಮಗಳು, ಹಟ ಜಾಸ್ತಿ, ಅಡುಗೆ ಬರಲ್ಲ, ನಿಮ್ಮ ಕೈಗೆ ಒಪ್ಪಿಸ್ತಿದೀನಿ, ನೋಡ್ಕೊಳ್ಳಿ ಎಂದರು. ಹೆಣ್ಣೊಪ್ಪಿಸುವ ಮಾತು. ಅಳಿಯನಿಗೆ ಹೇಳುವ ಮಾತು, ಅವರು ಇಷ್ಟು ವರ್ಷ ಹೇಳಲು ಕಾದಿಟ್ಟುಕೊಂಡಿದ್ದ ಮಾತು ಇರಬೇಕು, ಯಾರೂ ನಗಲಿಲ್ಲ, ಮಸನೊಬು ಗೋಡೆಯ ಕಡೆ ತಿರುಗಿಕೊಂಡರು, ಅವರ ಭುಜ ಕುಲುಕುತ್ತಿತ್ತು. ಬಿಳಿ ಕಿಮೋನೊದ ಕೊರಳಪಟ್ಟಿ ಸ್ವಲ್ಪ ಸಡಿಲಿಸಿ ತಾಯಿ ಅವನನ್ನು ಅಲ್ಲಿ ಕೂರಿಸಿದರು, ಅವನ ಬೂದು ಕೂದಲು ಒಂದು ಕಡೆ ಎದ್ದು ನಿಂತಿತ್ತು, ತೊಳೆದ ಮೇಲೆ ನಾನು ಸರಿಯಾಗಿ ಕೂರಿಸಿರಲಿಲ್ಲ, ಅವರು ಹೆಬ್ಬೆರಳನ್ನು ನಾಲಿಗೆಗೆ ಒತ್ತಿಕೊಂಡು, ಒದ್ದೆ ಮಾಡಿ, ಆ ಎದ್ದ ಕೂದಲನ್ನು ನೀವಿದರು, ಒಂದು ಸಲ, ಕೂರಲಿಲ್ಲ, ಮತ್ತೆ ನಾಲಿಗೆಗೆ, ಮತ್ತೆ ನೀವಿದರು.

ಮುಚ್ಚಳ ಬಿತ್ತು, ಪೆಟ್ಟಿಗೆಗೆ ಮಸನೊಬುವೇ ಮೊದಲ ಕೈ ಹಾಕಿ ಎತ್ತಿದರು, ಕಪ್ಪು ಗಾಡಿ ಉದ್ದಕ್ಕೆ ಹಾರ್ನು ಬಾರಿಸಿಕೊಂಡು ಗೇಟು ದಾಟಿತು, ನಾನು ನೆಂಟಳಲ್ಲ, ಚಿತಾಗಾರದ ಬಸ್ಸಿಗೆ ನನ್ನನ್ನು ಕರೆಯುವುದಿಲ್ಲ, ಕರೆಯದಿದ್ದರೂ ಚಿಂತೆಯಿಲ್ಲ, ನನ್ನ ಕೆಲಸ ಆಯಿತು. ರಸ್ತೆಯಲ್ಲಿ ನಿಂತಿದ್ದೇನೆ, ಕೈಯಲ್ಲಿ ಇನ್ನೂ ಆ ಲಿಲ್ಲಿ, ಇಡಲು ಮರೆತಿದ್ದೇನೆ, ನಾಳೆ ಅಂಗಡಿ ತೆರೆಯಬೇಕು, ಯಾರ ಶವಸಂಸ್ಕಾರಕ್ಕೆ ಹೋಗಿದ್ದೆ ಎಂದು ಮಾಲೀಕರು ಕೇಳುತ್ತಾರೆ, ದೋತಾನ್ ಎನ್ನುತ್ತೇನೆ, ಅರ್ಥವಾಗದಿದ್ದರೆ ಬಿಡಲಿ, ನಮ್ಮವಳೊಬ್ಬಳು ಜೌಗಿನಲ್ಲಿ ಬಿದ್ದಳು, ಎದ್ದು ಬರಲಿಲ್ಲ, ಅವನ ಜೊತೆಗೇ ಹೋದಳು, ಗೆದ್ದಳು ಎಂದು ನಮ್ಮ ಮಂದಿಗೆಲ್ಲ ಬರೆಯಬೇಕು, ಫೋನು ತೆಗೆದೆ, ಏನು ಬರೆಯಲಿ, ತೊತೊಯಿ ಎಂದು ಬರೆಯಲು ಹೋದರೆ ಅಕ್ಷರದ ಮೇಲೆ ನನ್ನ ಹೆಬ್ಬೆರಳು, ಅದರ ಹಿಂದೆ ಆ ಮುದುಕಿಯ ಹೆಬ್ಬೆರಳು, ಬೇಡ, ಮೊದಲು ಬಸ್ಸಿನ ನಿಲ್ದಾಣ ಎಲ್ಲಿದೆ ನೋಡೋಣ, ಎಡಕ್ಕೋ ಬಲಕ್ಕೋ, ಹೆಬ್ಬೆರಳು, ನಾಲಿಗೆಗೆ ಒತ್ತಿದ್ದು, ಶಾಲೆಗೆ ಹೊರಟ ಮಗುವಿನ ತಲೆ ಸರಿಮಾಡುವ ಹಾಗೆ, ಒಂದು ಬಸ್ಸು ಬಂದು ನಿಂತು ಹೋಯಿತು, ಹತ್ತಲಿಲ್ಲ ನಾನು, ಆ ಕೂದಲು ಕೊನೆಗೂ ಕೂತಿತೋ ಇಲ್ಲವೋ ಮುಚ್ಚಳ ಹಾಕುವಾಗ ಕಾಣಲಿಲ್ಲ, ಆದರೆ ಅವರು ಮೂರನೆಯ ಸಲವೂ ಹೆಬ್ಬೆರಳನ್ನು ಬಾಯಿಗೆ ಒಯ್ದರು, ಒದ್ದೆ ಮಾಡಿದರು, ನೀವಿದರು, ಹೆಬ್ಬೆರಳು, ಒದ್ದೆ ಹೆಬ್ಬೆರಳು